ಶ್ರೀಗಿರಿಯ ಕಾಲ್ನಡೆ ಮತ್ತು ಹೆಜ್ಜೆಯ ಹದ

ಕನ್ನಡದ 'ನಡೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕಾಲಿನಿಂದ ದಾರಿ ಸಾಗುವುದೂ ನಡೆ, ಬಾಳಿನಲ್ಲಿ ಆಚರಿಸಿ ತೋರುವುದೂ ನಡೆ. ಶರಣರ ಪರಿಭಾಷೆಯಲ್ಲಿ ಎರಡನೆಯ ಅರ್ಥಕ್ಕೇ ಪ್ರಾಶಸ್ತ್ಯ ದೊರೆತಿರುವುದರಿಂದ ವಿದ್ವಾಂಸರು ಅದನ್ನು ಕುರಿತು ಗ್ರಂಥಗಳನ್ನೇ ರಚಿಸಿದ್ದಾರೆ. ಮೊದಲನೆಯದನ್ನು ಯಾರೂ ಕಲಿಸಬೇಕಾಗಿಲ್ಲವೆಂದು ಬಿಟ್ಟುಬಿಟ್ಟಿದ್ದಾರೆ. ಆದರೆ 'ಜಂಗಮ' ಎಂಬ ಪದದ ಧಾತ್ವರ್ಥವೇ ಗಮನ, ಅಂದರೆ ಚಲಿಸುವುದು. ಕೈಯಲ್ಲಿ ಬೆತ್ತ, ಹೆಗಲಲ್ಲಿ ಜೋಳಿಗೆ, ಊರಿಂದೂರಿಗೆ ಸಂಚಾರ - ಇವು ಚರಮೂರ್ತಿಗಳ ಚಿತ್ರದಿಂದ ಬೇರ್ಪಡಿಸಲಾಗದ ಅಂಗಗಳು. ದೂರದ ದಾರಿಯನ್ನು ದೇಹಕ್ಕೆ ಹಾನಿಯಾಗದಂತೆ ಸಾಗುವ ವಿದ್ಯೆ ಒಂದು ಕಾಲಕ್ಕೆ ಮಠಗಳ ನಿತ್ಯಜೀವನದ ಭಾಗವೇ ಆಗಿತ್ತು. ಮೋಟಾರು ವಾಹನಗಳು ಬಂದ ಮೇಲೆ ಆ ವಿದ್ಯೆ ಮರೆಗೆ ಸರಿಯಿತು; ಕಾಲ್ನಡೆಯ ಹರಕೆ ಮಾತ್ರ ಉಳಿಯಿತು. ಅಭ್ಯಾಸವಳಿದು ಹರಕೆಯುಳಿದಾಗ ಆಗುವ ಕಷ್ಟವನ್ನು ಶ್ರೀಶೈಲದ ದಾರಿಯಲ್ಲಿ ಪ್ರತಿ ವರ್ಷವೂ ಕಾಣಬಹುದು.

ಯುಗಾದಿಯ ಮುನ್ನಾ ವಾರಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದಲೂ ನೆರೆಯ ಸೊಲ್ಲಾಪುರದ ಕಡೆಯಿಂದಲೂ ಭಕ್ತರು ತಂಡತಂಡವಾಗಿ ಶ್ರೀಗಿರಿಗೆ ಹೊರಡುತ್ತಾರೆ. ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸಿ, ಮಗಳಿಗೆ ಸೀರೆ, ಅರಿಸಿನ, ಕುಂಕುಮಗಳನ್ನು ಒಯ್ಯುವ ವಾಡಿಕೆ ಈ ನಾಡಿನದು. ಕೆಲವರು ಕಂಬಿ ಹೊತ್ತು ನಡೆಯುತ್ತಾರೆ. ಅಪರೂಪಕ್ಕೆ ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು, ಅದು ಬೇರೆಯೇ ವಿದ್ಯೆ. ರಾಯಚೂರನ್ನು ದಾಟಿ ಕರ್ನೂಲು, ಅಲ್ಲಿಂದ ಆತ್ಮಕೂರು. ಅಲ್ಲಿಯವರೆಗೆ ಹೆಚ್ಚಿನಂಶ ಬಯಲು ಮತ್ತು ಡಾಂಬರು. ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ನಲ್ಲಮಲ ಅರಣ್ಯ. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂಬ ತಾಣಗಳನ್ನು ಹಾದು ಸಾಗುವ ಈ ಕಾಡುದಾರಿ ಸುಮಾರು 40 ಕಿಲೋಮೀಟರಿನಷ್ಟು. ಹದಿನಾಲ್ಕನೆಯ ಶತಮಾನದಲ್ಲಿ ಪ್ರೋಲಯ ವೇಮರೆಡ್ಡಿಯು ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನೆಂಬುದು ಇತಿಹಾಸಪ್ರಸಿದ್ಧ. ಅದಕ್ಕೂ ಮೊದಲೇ ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ಪಂಡಿತಾರಾಧ್ಯಚರಿತ್ರೆಯಲ್ಲಿ ಈ ಪರ್ವತದ ಯಾತ್ರೆಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದನು. ಆತನ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದುದನ್ನು ಬಲ್ಲವರು ಈ ಪರ್ವತಪ್ರಕರಣವನ್ನೂ ಒಮ್ಮೆ ನೋಡಬೇಕು. ಪ್ರಕೃತಕ್ಕೆ ಅದು ಹೊರತು.

ಲೆಕ್ಕವೊಂದನ್ನು ಮೊದಲು ಮಾಡಬೇಕು. ವಯಸ್ಕನ ಒಂದು ಹೆಜ್ಜೆಯ ಉದ್ದ ಸುಮಾರು 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ದಿನಕ್ಕೆ 30 ಕಿಲೋಮೀಟರ್ ನಡೆಯುವವನು ಹೆಚ್ಚುಕಡಮೆ 43,000 ಹೆಜ್ಜೆಗಳನ್ನಿಡುತ್ತಾನೆ. 300 ಕಿಲೋಮೀಟರಿಗೆ ಅದು ನಾಲ್ಕು ಲಕ್ಷವನ್ನು ಮೀರುತ್ತದೆ. ಸಮನೆಲದ ಮೇಲೆ ಸಾಧಾರಣ ವೇಗದಲ್ಲಿ ನಡೆಯುವಾಗಲೂ ಪ್ರತಿ ಹೆಜ್ಜೆಯಲ್ಲಿ ಪಾದದ ಮೇಲೆ ಬೀಳುವ ಒತ್ತಡ ನಡೆಯುವವನ ತೂಕಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಒಂದು ಹೆಜ್ಜೆಯಲ್ಲಿ ಲೆಕ್ಕಕ್ಕೆ ಬಾರದ ದೋಷ ನಾಲ್ಕು ಲಕ್ಷ ಸಲ ಆವರ್ತನೆಗೊಂಡರೆ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಊರೊಳಗೆ ಹತ್ತು ನಿಮಿಷ ನಡೆದು ತನಗೆ ನಡೆಯಲು ಬರುತ್ತದೆಂದು ಭಾವಿಸುವುದು, ಓಲೆ ಬರೆಯಬಲ್ಲವನು ಕಾವ್ಯ ಬರೆಯಬಲ್ಲೆನೆಂದು ಭಾವಿಸಿದಂತೆ.

ನಡಿಗೆಯ ಯಂತ್ರರಚನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಜರ್ಮನಿಯ ವೇಬರ್ ಸಹೋದರರು ಮೊದಲಿಗರ ಸಾಲಿನಲ್ಲಿ ಬರುತ್ತಾರೆ. ಅವರ ಗ್ರಂಥ 1836ರಲ್ಲಿ ಪ್ರಕಟವಾಯಿತು. ತೂಗಾಡುವ ಕಾಲನ್ನು ಅವರು ಗಡಿಯಾರದ ಲೋಲಕಕ್ಕೆ ಹೋಲಿಸಿದರು. ಆಮೇಲಿನ ಸಂಶೋಧಕರು ಊರಿದ ಕಾಲನ್ನೂ ತಲೆಕೆಳಗಾದ ಲೋಲಕವೆಂದು ಕರೆದರು: ಪಾದವೇ ಕೀಲು, ದೇಹವೇ ಗುಂಡು. ದೇಹವು ಊರಿದ ಕಾಲಿನ ಮೇಲೆ ತುಸು ಏರಿ, ಮುಂದಕ್ಕೆ ಬಾಗಿ, ಇಳಿಯುತ್ತದೆ; ಇಳಿಯುವಾಗ ದೊರೆತ ವೇಗವೇ ಮುಂದಿನ ಏರಿಕೆಗೆ ಒದಗುತ್ತದೆ. ಹೀಗೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಸರಾಗವಾಗಿ ನಡೆದಷ್ಟೂ ಸ್ನಾಯುಗಳ ದುಡಿಮೆ ಕಡಿಮೆ. ಪ್ರತಿಯೊಂದು ಕಾಲೂ ತನ್ನ ಆವರ್ತನದ ಸುಮಾರು ನೂರಕ್ಕೆ ಅರವತ್ತು ಪಾಲು ನೆಲದ ಮೇಲಿದ್ದು, ನಲವತ್ತು ಪಾಲು ಗಾಳಿಯಲ್ಲಿರುತ್ತದೆ. ನಡುವೆ ಎರಡು ಸಲ ಎರಡೂ ಕಾಲುಗಳು ನೆಲದ ಮೇಲಿರುವ ಕ್ಷಣಗಳುಂಟು. ಓಟದಲ್ಲಿ ಈ ಕ್ಷಣಗಳಿಲ್ಲ. ನಡಿಗೆಯ ನೆಮ್ಮದಿಯೆಲ್ಲ ಅಡಗಿರುವುದು ಈ ಎರಡು ಕಾಲಿನ ಆಸರೆಯ ಕ್ಷಣಗಳಲ್ಲಿಯೇ.

ಸಮನೆಲದಲ್ಲಿ ಹೆಜ್ಜೆಯನ್ನು ಹೇಗಿಡಬೇಕು? ಹಿಮ್ಮಡಿ ಮೊದಲು ಮೆಲ್ಲಗೆ ತಾಗಬೇಕು. ಬಳಿಕ ಭಾರವು ಅಂಗಾಲಿನ ಹೊರ ಅಂಚಿನ ಮೂಲಕ ಉರುಳಿ ಬೆರಳುಗಳ ಬುಡಕ್ಕೆ ಬಂದು, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತಿ ಬಿಡಬೇಕು. ಒಂದೊಂದು ಪಾದದಲ್ಲಿಯೂ 26 ಮೂಳೆಗಳು. ಅವು ಕಮಾನಿನಂತೆ ಜೋಡಣೆಗೊಂಡಿರುವುದು ಈ ಉರುಳುವಿಕೆಗಾಗಿಯೇ. ಪಾದವನ್ನು ಹಲಗೆಯಂತೆ ಒಮ್ಮೆಲೇ ಅಪ್ಪಳಿಸುವವನು ಕಮಾನನ್ನು ವ್ಯರ್ಥಗೊಳಿಸುತ್ತಾನೆ. ಅಪ್ಪಳಿಸುವ ಸದ್ದು ಕೇಳಿಸುತ್ತಿದ್ದರೆ ಹೆಜ್ಜೆ ಸರಿಯಿಲ್ಲವೆಂದೇ ತಿಳಿಯಬೇಕು. ತಂಡದಲ್ಲಿ ಯಾರ ಹೆಜ್ಜೆ ಸದ್ದಿಲ್ಲದೆ ಸಾಗುತ್ತದೆಯೋ ಅವರನ್ನು ಹಿಂದಿನಿಂದ ನೋಡಿ ಕಲಿಯುವುದು ಉತ್ತಮ. ಸಾಮಾನ್ಯವಾಗಿ ಅವರು ತಲೆಯ ಮೇಲೆ ಕೊಡ ಹೊತ್ತು ಬೆಳೆದ ಹೆಣ್ಣುಮಕ್ಕಳಾಗಿರುತ್ತಾರೆ, ಇಲ್ಲವೇ ಹೊಲದಲ್ಲಿ ಮುಪ್ಪಾದ ರೈತರಾಗಿರುತ್ತಾರೆ.

ಬೇಗ ತಲಪಬೇಕೆಂಬ ಆತುರದಲ್ಲಿ ಜನರು ಮಾಡುವ ಮೊದಲ ತಪ್ಪು ಹೆಜ್ಜೆಯನ್ನು ಉದ್ದ ಮಾಡುವುದು. ಪಾದವು ಮೊಣಕಾಲಿಗಿಂತ ತುಂಬ ಮುಂದೆ ಬಿದ್ದಾಗ ಅದು ದೇಹವನ್ನು ಮುಂದಕ್ಕೆಳೆಯುವುದಿಲ್ಲ, ತಡೆಯುತ್ತದೆ. ಗಾಡಿಗೆ ಎತ್ತು ಕಟ್ಟಿ ಚಕ್ರಕ್ಕೆ ಕಲ್ಲು ಕೊಟ್ಟಂತೆ. ವೇಗ ಹೆಚ್ಚಿಸಬೇಕಾದರೆ ಹೆಜ್ಜೆಗಳನ್ನು ಚಿಕ್ಕದಾಗಿಯೇ ಇರಿಸಿ ಅವುಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಬೆನ್ನು ನೇರ, ದೃಷ್ಟಿ ನಾಲ್ಕಾರು ಮಾರು ಮುಂದೆ, ಹೆಗಲು ಸಡಿಲ. ಕೈಗಳು ಎದುರು ಕಾಲಿನೊಡನೆ ತಾವಾಗಿಯೇ ತೂಗಬೇಕು. ಸೊಂಟದ ತಿರುವನ್ನು ಸರಿದೂಗಿಸುವ ಕೆಲಸ ಅವುಗಳದು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಡೆಯುವವರು ಆ ಕೆಲಸವನ್ನು ಸೊಂಟದ ಸ್ನಾಯುಗಳಿಗೆ ಹೊರಿಸಿ, ಸಂಜೆ ಟೊಂಕ ಹಿಡಿಯಿತೆಂದು ಹಲುಬುತ್ತಾರೆ.

ವೇಗಕ್ಕೂ ಒಂದು ಹದವುಂಟು. ಗಂಟೆಗೆ ನಾಲ್ಕೂವರೆಯಿಂದ ಐದು ಕಿಲೋಮೀಟರ್ ವೇಗದಲ್ಲಿ, ಸಾಗಿದ ದೂರಕ್ಕೆ ತಗಲುವ ಶಕ್ತಿ ಅತ್ಯಲ್ಪ. ಅದಕ್ಕಿಂತ ತೀರ ನಿಧಾನವಾದರೂ, ತೀರ ಬಿರುಸಾದರೂ ಖರ್ಚು ಏರುತ್ತದೆ. ಮಾತನಾಡುತ್ತ ನಡೆಯಲು ಉಸಿರು ಸಾಲಬೇಕು. ಮಲ್ಲಯ್ಯನ ಪದಗಳನ್ನು ಹಾಡುತ್ತ ಸಾಗುವ ಹಳೆಯ ಪದ್ಧತಿಯಲ್ಲಿ ಈ ಅಳತೆಗೋಲು ಅಡಗಿದೆ. ಪದ ನಿಂತು ಏದುಸಿರು ಮಾತ್ರ ಕೇಳುತ್ತಿದ್ದರೆ ತಂಡ ವೇಗ ತಗ್ಗಿಸಬೇಕು. ಮೊದಲ ದಿನ ಮುಂದೋಡಿದ ತರುಣರು ಮೂರನೆಯ ದಿನ ಮರದ ಬುಡದಲ್ಲಿ ಕಾಲು ಚಾಚಿ ಕುಳಿತಿರುವುದೂ, ಅವರನ್ನು ಅರವತ್ತು ದಾಟಿದ ಮುದುಕಿಯರು ನಗುತ್ತ ದಾಟಿ ಹೋಗುವುದೂ ಈ ದಾರಿಯ ಚಿರಪರಿಚಿತ ದೃಶ್ಯ.

1930ರ ದಾಂಡಿಯಾತ್ರೆಯನ್ನು ಇಲ್ಲಿ ನೆನೆಯಬಹುದು. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ತಂಡ ಏಪ್ರಿಲ್ ಆರಂಭದಲ್ಲಿ ದಾಂಡಿಯನ್ನು ತಲಪಿತು. ದೂರ ಸುಮಾರು 240 ಮೈಲಿ. ಗಾಂಧೀಜಿಯವರಿಗೆ ಆಗ ಅರವತ್ತು ತುಂಬಿತ್ತು. ಅವರೊಡನೆ ಹೊರಟ 78 ಸತ್ಯಾಗ್ರಹಿಗಳಲ್ಲಿ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಒಬ್ಬರು. ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಮೈಲಿಗಳಂತೆ, ಬಿಸಿಲು ಏರುವ ಮೊದಲು ಒಂದು ಭಾಗ, ಇಳಿದ ಮೇಲೆ ಒಂದು ಭಾಗ. ಸೋಮವಾರ ಮೌನ ಮತ್ತು ವಿಶ್ರಾಂತಿ. ಲೋಕವೇ ನೋಡುತ್ತಿದ್ದ ಆ ಯಾತ್ರೆಯಲ್ಲಿಯೂ ವಾರಕ್ಕೊಂದು ದಿನ ಕಾಲಿಗೆ ಬಿಡುವಿತ್ತು. ಇಂದಿನ ಕೆಲವು ತಂಡಗಳು ರಜೆಯ ದಿನಗಳನ್ನು ಎಣಿಸಿ, ದಿನಕ್ಕೆ 45, 50 ಕಿಲೋಮೀಟರ್ ಗೊತ್ತುಪಡಿಸಿಕೊಂಡು, ಬಿಡುವೆಂಬ ಮಾತನ್ನೇ ಮರೆಯುವುದು ವಿಷಾದಕರ.

ಏರು ಮತ್ತು ಇಳಿಜಾರುಗಳ ಮಾತು ಕಾಡುದಾರಿಯಲ್ಲಿ ಮುಖ್ಯವಾಗುತ್ತದೆ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸುಲಭ ಸೂತ್ರವನ್ನು ಕೊಟ್ಟನು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ. ಇಂದಿನ ಅಳತೆಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್, 600 ಮೀಟರ್ ಏರಿಕೆಗೆ ಒಂದು ಗಂಟೆ. 12 ಕಿಲೋಮೀಟರ್ ದಾರಿ, 300 ಮೀಟರ್ ಏರಿಕೆ ಎಂದಾದರೆ ಸುಮಾರು ಮೂರು ಗಂಟೆ. ಇದು ಗಟ್ಟಿಮುಟ್ಟಾದವನ ಲೆಕ್ಕ. ಹಿರಿಯರು, ಹೊರೆ, ಬಿಸಿಲು ಸೇರಿದರೆ ಅರ್ಧದಷ್ಟು ಕೂಡಿಸಿಕೊಳ್ಳುವುದು ವಿವೇಕ. ಹುಲಿಗಳ ರಕ್ಷಿತಾರಣ್ಯವಾದ ನಲ್ಲಮಲದಲ್ಲಿ ಕತ್ತಲಾದ ಮೇಲೆ ಒಂಟಿಯಾಗಿ ಹಿಂದುಳಿಯುವಂತೆ ಮಾಡುವುದು ಈ ಲೆಕ್ಕದ ತಪ್ಪೇ.

ಏರುವಾಗ ಹೆಜ್ಜೆ ಅರ್ಧವಾಗಲಿ. ಎತ್ತರದ ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತುವ ಬದಲು ನಡುವೆ ಸಿಗುವ ಕಲ್ಲನ್ನು ಬಳಸಿಕೊಳ್ಳಬೇಕು. ಪಾದ ಪೂರ್ತಿ ನೆಲದ ಮೇಲಿರಲಿ. ಬೆರಳ ತುದಿಯಲ್ಲಿ ಏರುವವನ ಮೀನಖಂಡ ಬೇಗ ಸೋಲುತ್ತದೆ. ಮಲೆಗಳಲ್ಲಿ ನಡೆದು ಬಲ್ಲವರು ಪ್ರಯೋಗಿಸುವ ಒಂದು ಉಪಾಯ ಹೀಗಿದೆ: ಮುಂದಿನ ಕಾಲನ್ನು ಮೇಲಿನ ಮೆಟ್ಟಿಲಿಗೆ ಇಟ್ಟು, ಭಾರವನ್ನು ಇನ್ನೂ ವರ್ಗಾಯಿಸದೆ, ಹಿಂದಿನ ಕಾಲಿನ ಮೊಣಕಾಲನ್ನು ನೇರಗೊಳಿಸಿ ಒಂದು ಕ್ಷಣ ನಿಲ್ಲುವುದು. ಆ ಕ್ಷಣದಲ್ಲಿ ದೇಹದ ಭಾರವನ್ನು ಮೂಳೆಗಳು ಹೊರುತ್ತವೆ, ತೊಡೆಯ ಸ್ನಾಯುಗಳು ವಿಶ್ರಮಿಸುತ್ತವೆ. ಪ್ರತಿ ಹೆಜ್ಜೆಗೂ ಇಷ್ಟು ಬಿಡುವು ದೊರೆತರೆ ನೂರು ಮೆಟ್ಟಿಲಿಗೊಮ್ಮೆ ಕುಸಿದು ಕೂಡುವ ಪ್ರಮೇಯ ಬರುವುದಿಲ್ಲ.

ಇಳಿಯುವುದು ಸುಲಭವೆಂಬ ಭ್ರಮೆ ಬಹುಜನರಲ್ಲಿದೆ. ಉಸಿರಿಗೆ ಅದು ಸುಲಭ, ಮೊಣಕಾಲಿಗೆ ಅಲ್ಲ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಸಂಕುಚಿಸುತ್ತ ಕೆಲಸಮಾಡಿದರೆ, ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತ ದೇಹವನ್ನು ತಡೆಹಿಡಿಯಬೇಕಾಗುತ್ತದೆ. ಹಿಗ್ಗುತ್ತ ಭಾರ ಹೊರುವ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಹರಿತಗಳುಂಟಾಗಿ, ನೋವು ಅಂದಲ್ಲ, ಮರುದಿನ ಅಥವಾ ಮೂರನೆಯ ದಿನ ತಲೆದೋರುತ್ತದೆ. ಭೀಮನಕೊಳ್ಳದ ಕಡಿದಾದ ಇಳಿತ ಬರುವುದು ಯಾತ್ರೆಯ ಕೊನೆಯಲ್ಲಿ, ಕಾಲುಗಳು ಆಗಲೇ ಬಳಲಿರುವಾಗ. ಇಳಿದ ಕೂಡಲೇ ಎದುರಿಗೆ ಕೈಲಾಸದ್ವಾರದ ಏರು. ಆದಕಾರಣ ಇಲ್ಲಿ ಮೊಣಕಾಲನ್ನು ಎಂದೂ ಸೆಟೆಯದೆ, ತುಸು ಬಾಗಿಸಿ, ಚಿಕ್ಕ ಹೆಜ್ಜೆಗಳಲ್ಲಿ, ಕಡಿದಾದಲ್ಲಿ ಓರೆಯಾಗಿ ಇಳಿಯಬೇಕು. ಹಿಂದಕ್ಕೆ ವಾಲಿದರೆ ಪಾದ ಜಾರುತ್ತದೆ; ಮೈಭಾರ ಪಾದಗಳ ಮೇಲೆಯೇ ಇರಲಿ.

ಈ ನೋವಿಗೆ ಪೂರ್ವಾಭ್ಯಾಸದಂಥ ಮದ್ದಿಲ್ಲ. ಇಳಿಯುವ ವ್ಯಾಯಾಮವನ್ನು ಒಮ್ಮೆ ಮಾಡಿ ನೋವುಂಡ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅಂಥದೇ ಶ್ರಮಕ್ಕೆ ಅಷ್ಟಾಗಿ ನೋಯುವುದಿಲ್ಲವೆಂಬುದು ದೇಹಶಾಸ್ತ್ರಜ್ಞರು ಪದೇಪದೇ ದೃಢಪಡಿಸಿರುವ ಸಂಗತಿ. ಹೊರಡುವ ಎರಡು ಮೂರು ವಾರಗಳ ಮೊದಲು ಆನೆಗೊಂದಿಯ ಅಂಜನಾದ್ರಿಯನ್ನೋ ಊರ ಹತ್ತಿರದ ಇನ್ನಾವುದಾದರೂ ಗುಡ್ಡವನ್ನೋ ಹತ್ತಿ ನಿಧಾನವಾಗಿ ಇಳಿದರೆ ಕೈಲಾಸದ್ವಾರದಲ್ಲಿ ಅದರ ಫಲ ಕಾಣುತ್ತದೆ. ಒಟ್ಟು ಅಭ್ಯಾಸಕ್ಕೆ ಎರಡು ತಿಂಗಳಾದರೂ ಬೇಕು. ದೂರವನ್ನು ವಾರವಾರವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಕೊನೆಯಲ್ಲಿ ಒಂದೆರಡು ಬಾರಿ ಎರಡು ದಿನ ಸತತವಾಗಿ ದೀರ್ಘವಾಗಿ ನಡೆದು ನೋಡಬೇಕು. ದಣಿದ ಕಾಲಿನಿಂದ ಮರುದಿನ ಎದ್ದು ನಡೆಯುವುದೇ ಯಾತ್ರೆಯ ನಿಜವಾದ ಪರೀಕ್ಷೆ.

ಬೆತ್ತದ ಉಪಯೋಗವನ್ನು ಇಂದಿನ ವಿಜ್ಞಾನವೂ ಒಪ್ಪಿದೆ. ಇಳಿಜಾರಿನಲ್ಲಿ ಕೋಲುಗಳನ್ನು ಊರಿ ನಡೆದಾಗ ಮೊಣಕಾಲಿನ ಮೇಲಿನ ಒತ್ತಡ ಕಾಲುಭಾಗದವರೆಗೂ ತಗ್ಗಬಲ್ಲುದೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪೇಟೆಯಲ್ಲಿ ದೊರೆಯುವ ಲೋಹದ ಕೋಲುಗಳ ಹಿಡಿ ಒಂದೇ ಎತ್ತರಕ್ಕೆ ನಿಂತಿರುತ್ತದೆ; ಅದನ್ನು ಬದಲಿಸಲು ನಿಂತು ತಿರುಪು ಸಡಿಲಿಸಬೇಕು. ಎದೆಮಟ್ಟದ ಬಿದಿರುಗೋಲನ್ನು ಹಿಡಿದವನಿಗೆ ಆ ಕಷ್ಟವಿಲ್ಲ. ಸಮನೆಲದಲ್ಲಿ ಮೊಣಕೈ ಲಂಬಕೋನದಲ್ಲಿ ಬಾಗುವಷ್ಟು ಎತ್ತರಕ್ಕೆ ಹಿಡಿದು, ಏರಿನಲ್ಲಿ ಕೈಯನ್ನು ಕೆಳಗಿಳಿಸಿ, ಇಳಿಜಾರಿನಲ್ಲಿ ಮೇಲೇರಿಸಿದರಾಯಿತು. ಕೋಲನ್ನು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕೆಂಬುದನ್ನು ಬಹಳ ಜನ ಅರಿಯರು. ನೋಯುವ ಪಕ್ಕದಲ್ಲಿಯೇ ಹಿಡಿದು ಇನ್ನಷ್ಟು ಕುಂಟುತ್ತಾರೆ.

ಹೊರೆಯ ವಿಷಯ ಸಂಕ್ಷೇಪವಾಗಿ ಹೇಳಬಹುದು. ಪೂರ್ವ ಆಫ್ರಿಕದ ಕೆಲವು ಜನಾಂಗಗಳ ಹೆಂಗಸರು ತಮ್ಮ ತೂಕದ ಐದನೆಯ ಒಂದು ಪಾಲನ್ನು ತಲೆಯ ಮೇಲೆ ಹೊತ್ತರೂ ಅವರ ದೇಹಕ್ಕೆ ಹೆಚ್ಚಿನ ಶಕ್ತಿ ಖರ್ಚಾಗುವುದಿಲ್ಲವೆಂದು 1986ರಲ್ಲಿ ವಿಜ್ಞಾನಿಗಳು ಅಳೆದು ಬೆರಗಾದರು. ಅದು ಬಾಲ್ಯದ ಸಾಧನೆಯ ಫಲ, ಮಧ್ಯವಯಸ್ಸಿನಲ್ಲಿ ಅನುಕರಿಸತಕ್ಕದ್ದಲ್ಲ. ಉಳಿದವರು ಚೀಲವನ್ನು ಬೆನ್ನಿಗೆ ಹತ್ತಿಸಿ, ಸೊಂಟದ ಪಟ್ಟಿಯಿದ್ದರೆ ಅದನ್ನು ಬಿಗಿದು, ಭಾರ ಹೆಗಲಿನಿಂದ ಸೊಂಟಕ್ಕಿಳಿಯುವಂತೆ ಮಾಡಬೇಕು. ಒಂದೇ ಹೆಗಲಿಗೆ ಜೋಳಿಗೆ ಹಾಕುವವರು ಗಂಟೆಗೊಮ್ಮೆ ಹೆಗಲು ಬದಲಿಸಲಿ. ಕಾಲಿಗೆ ಕಟ್ಟಿದ ಭಾರ ಬೆನ್ನಿನ ಭಾರಕ್ಕಿಂತ ಹಲವು ಪಟ್ಟು ದಣಿಸುವುದರಿಂದ ದಪ್ಪ ಬೂಟುಗಳಿಗಿಂತ ಹಗುರವಾದ ಪಾದರಕ್ಷೆಗಳೇ ಮೇಲು.

ಪಾದರಕ್ಷೆಯ ಮಾತು ಬಂದಾಗ ಸೂಕ್ಷ್ಮವಾದ ಒಂದು ಪ್ರಶ್ನೆ ಏಳುತ್ತದೆ. ಬರಿಗಾಲಿನ ಹರಕೆ ಹೊತ್ತವರುಂಟು. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಹುಟ್ಟಿನಿಂದ ಬರಿಗಾಲಲ್ಲಿ ನಡೆದವರ ಅಂಗಾಲಿನ ದಪ್ಪ ಚರ್ಮ ಅವರನ್ನು ಕಾಪಾಡುತ್ತದೆ. ಹಾಗಿದ್ದೂ ನೆಲದ ಸ್ಪರ್ಶಜ್ಞಾನ ಕುಂದುವುದಿಲ್ಲವೆಂದು ಕೆನ್ಯದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಆದರೆ ನಲವತ್ತು ವರ್ಷ ಕಚೇರಿಯಲ್ಲಿಯೋ ಅಂಗಡಿಯಲ್ಲಿಯೋ ಪಾದರಕ್ಷೆ ಮೆಟ್ಟಿ ಕುಳಿತವರ ಅಂಗಾಲು ಅದಲ್ಲ. ಅಲ್ಲದೆ ಪೂರ್ವಿಕರು ನಡೆದದ್ದು ಮಣ್ಣಿನ ಹಾದಿಯಲ್ಲಿ. ಮಾರ್ಚ್ ಏಪ್ರಿಲಿನ ಮಧ್ಯಾಹ್ನ ರಾಯಚೂರು ಕರ್ನೂಲುಗಳ ಡಾಂಬರು ಅಂಗಾಲನ್ನು ಸುಡಬಲ್ಲಷ್ಟು ಕಾಯುತ್ತದೆ. ದೇಹವನ್ನೇ ದೇಗುಲವೆಂದು ಸಾರಿದ ಪರಂಪರೆಯಲ್ಲಿ ಅದರ ಕಂಬಗಳನ್ನು ಸುಟ್ಟುಕೊಳ್ಳುವುದು ಹೇಗೆ ಭಕ್ತಿಯಾದೀತೆಂಬುದು ವಿಚಾರಾರ್ಹ. ಕಾಲು ಬೊಬ್ಬೆಯೆದ್ದವನು ತಾನೊಬ್ಬನೇ ನೋಯುವುದಿಲ್ಲ. ಅವನನ್ನು ಹೊತ್ತು ತರುವವರು, ಅವನಿಗಾಗಿ ನಿಲ್ಲುವವರು, ಅವನ ಗಂಟನ್ನು ಹಂಚಿಕೊಳ್ಳುವವರು ಎಲ್ಲರ ಯಾತ್ರೆಯೂ ಕೆಡುತ್ತದೆ. ಹರಕೆ ಬಿಡಲಾಗದವರು ಕಾಡುದಾರಿಯನ್ನೋ ಕೊನೆಯ ಒಂದು ಹರಿದಾರಿಯನ್ನೋ ಮಾತ್ರ ಬರಿಗಾಲಲ್ಲಿ ನಡೆಯುವ ಸಂಕಲ್ಪ ಮಾಡಬಹುದು. ಹಿರಿಯರಾದ ಸ್ವಾಮಿಗಳಲ್ಲಿ ಕೇಳಿದರೆ ಅನುಮತಿ ದೊರೆಯದಿರಲಾರದು.

ಬೊಬ್ಬೆ ಏಳಲು ಕಾರಣಗಳು ಮೂರು: ತಿಕ್ಕಾಟ, ತೇವ, ಶಾಖ. ದಾರಿಯಲ್ಲಿ ನದಿ ಕಂಡಲ್ಲಿ ಮಿಂದು, ಒದ್ದೆಗಾಲಿನಲ್ಲಿಯೇ ಪಾದರಕ್ಷೆ ಮೆಟ್ಟಿ ಹೊರಡುವುದು ಬೊಬ್ಬೆಯನ್ನು ಕರೆದು ಕೂಡಿಸಿದಂತೆ. ಪಾದಗಳನ್ನು, ವಿಶೇಷವಾಗಿ ಬೆರಳುಗಳ ಸಂದುಗಳನ್ನು, ಒಣಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು. ದೀರ್ಘ ನಡಿಗೆಯಲ್ಲಿ ಪಾದ ಊದುವುದರಿಂದ ಪಾದರಕ್ಷೆಯನ್ನು ಸಂಜೆಯ ವೇಳೆ ಕೊಳ್ಳಬೇಕು. ಬೆರಳುಗಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಉಗುರುಗಳು ಬಡಿದು ಕಪ್ಪಾಗುತ್ತವೆ. ಯಾತ್ರೆಗೆಂದು ಹೊಸ ಪಾದರಕ್ಷೆಗಳನ್ನು ತಂದು ಹೊರಡುವ ದಿನವೇ ಮೆಟ್ಟುವವರ ಸಂಖ್ಯೆ ಇಂದಿಗೂ ಕಡಿಮೆಯಾಗಿಲ್ಲ. ಎಲ್ಲಿಯಾದರೂ ಉರಿ ಕಾಣಿಸಿದೊಡನೆ ನಿಲ್ಲಬೇಕು. ಮುಂದಿನ ಊರಿನಲ್ಲಿ ನೋಡೋಣವೆಂದರೆ ಆ ಹೊತ್ತಿಗೆ ಬೊಬ್ಬೆ ಎದ್ದಿರುತ್ತದೆ. ಉರಿಯುವ ಜಾಗಕ್ಕೆ ಔಷಧದಂಗಡಿಯಲ್ಲಿ ಸಿಗುವ ಕಾಗದದ ಅಂಟುಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಿದರೆ ಸಾಕು. ಎದ್ದ ಬೊಬ್ಬೆಯ ಚರ್ಮವನ್ನು ಕೀಳಕೂಡದು. ಅದೇ ಅದರ ಮುಚ್ಚಳ. ನಡೆಯಲಾಗದಷ್ಟು ದೊಡ್ಡದಾಗಿದ್ದರೆ ಶುದ್ಧೀಕರಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರಿಳಿಸಿ, ಚರ್ಮವನ್ನು ಹಾಗೆಯೇ ಉಳಿಸಿ ಪಟ್ಟಿ ಕಟ್ಟಬಹುದು.

ಮಧುಮೇಹಿಗಳಿಗೆ ಈ ಕೊನೆಯ ಮಾತು ಅನ್ವಯಿಸದು. ಅವರ ವಿಷಯವನ್ನು ಪ್ರತ್ಯೇಕವಾಗಿ, ಒತ್ತಿ ಹೇಳಬೇಕು. ಅನೇಕ ವರ್ಷಗಳ ಸಕ್ಕರೆಕಾಯಿಲೆಯಿಂದ ಪಾದದ ನರಗಳು ಸೂಕ್ಷ್ಮತೆಯನ್ನು ಕಳೆದುಕೊಂಡಿರುತ್ತವೆ. ಮುಳ್ಳು ಚುಚ್ಚಿದರೂ, ಡಾಂಬರು ಸುಟ್ಟರೂ, ಬೊಬ್ಬೆ ಒಡೆದರೂ ಅರಿವಾಗುವುದಿಲ್ಲ. ನೋವಿಲ್ಲದೆ ನಡೆದೆನೆಂದು ಅವರು ಮಲ್ಲಯ್ಯನ ಕೃಪೆಯನ್ನು ಕೊಂಡಾಡುತ್ತಿರುವಾಗ ಗಾಯ ಒಳಗೆ ಕೊಳೆಯುತ್ತಿರುತ್ತದೆ; ರಕ್ತಸಂಚಾರವೂ ಕುಂದಿರುವುದರಿಂದ ಅದು ಬೇಗ ಮಾಯುವುದಿಲ್ಲ. ಬೆರಳನ್ನೋ ಪಾದವನ್ನೋ ತೆಗೆಸಬೇಕಾದ ಪ್ರಸಂಗಗಳು ಹೀಗೆಯೇ ಒದಗುತ್ತವೆ. ಇಂಥವರು ಎಂದೂ ಬರಿಗಾಲಲ್ಲಿ ನಡೆಯಬಾರದು, ಪಾದರಕ್ಷೆ ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ಹರಳುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಹೊರಡುವ ಮೊದಲು ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಕೇಳಿಕೊಳ್ಳಬೇಕು. ದಿನವಿಡೀ ನಡೆದಾಗ ರಕ್ತದ ಸಕ್ಕರೆ ತೀರ ಇಳಿಯುವ ಭಯವೂ ಉಂಟು, ಆದ್ದರಿಂದ ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಇರಲೇಬೇಕು. ಪ್ರತಿ ಸಂಜೆ ಅಂಗಾಲನ್ನು ಪರೀಕ್ಷಿಸಬೇಕು. ತಮ್ಮ ಅಂಗಾಲು ತಮಗೆ ಕಾಣದು, ವಯಸ್ಸಾದವರ ಕಣ್ಣಿಗಂತೂ ಕಾಣದು.

ಇಲ್ಲಿ ದಾಸೋಹಿಗಳ ಪಾತ್ರ ಬರುತ್ತದೆ. ದಾರಿಯ ಊರುಗಳಲ್ಲಿ ಯಾತ್ರಿಕರ ಕಾಲು ತೊಳೆದು, ಎಣ್ಣೆ ತೀಡಿ, ಉಣಬಡಿಸಿ ಕಳುಹಿಸುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಪಾದವನ್ನು ಕೈಯಲ್ಲಿ ಹಿಡಿದ ಆ ಗಳಿಗೆಯೇ ಅದನ್ನು ಪರೀಕ್ಷಿಸಲು ತಕ್ಕ ಸಮಯ. ತೊಳೆಯುವ ಜಾಗದಲ್ಲಿ ಪ್ರಖರವಾದ ಒಂದು ದೀಪ, ಒಣಬಟ್ಟೆಗಳು, ಅಂಟುಪಟ್ಟಿ, ಗಾಯದ ಮದ್ದು ಇದ್ದರೆ, ಕೆಂಪಾದ ಅಂಗಾಲನ್ನು ಕಂಡು "ಯಜಮಾನರೆ, ಇದನ್ನು ವೈದ್ಯರಿಗೆ ತೋರಿಸಿರಿ" ಎಂದು ಹೇಳಬಲ್ಲ ಒಬ್ಬ ತಿಳಿದವನಿದ್ದರೆ, ಒಂದು ಕಾಲು ಉಳಿದೀತು. ಊದಿದ ಮೀನಖಂಡವನ್ನು ಬಲವಾಗಿ ತಿಕ್ಕುವುದು ಮಾತ್ರ ಸಲ್ಲದು. ಒಂದೇ ಕಾಲು ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿರುತ್ತದೆ, ವೈದ್ಯರೇ ನೋಡಬೇಕು. ಅರವಟ್ಟಿಗೆ, ಪ್ರಸಾದಗಳಿಗೆ ಉದಾರವಾಗಿ ಕೊಡುವ ದಾನಿಗಳು ಸಿಹಿಯ ಒಂದು ಬಗೆಯನ್ನು ಕಡಿಮೆ ಮಾಡಿ ಈ ದೀಪಕ್ಕೂ ಮದ್ದಿಗೂ ಕೊಟ್ಟರೆ ದ್ರವ್ಯ ಸಾರ್ಥಕವಾಗುತ್ತದೆ. ಅರವಟ್ಟಿಗೆಯಲ್ಲಿ ಬರಿಯ ನೀರಿನೊಡನೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ.

ಉಪ್ಪಿನ ಮಾತಿಗೆ ಕಾರಣವುಂಟು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಉಪ್ಪಿಲ್ಲದ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಅಂಶ ಇಳಿದು ತಲೆನೋವು, ವಾಂತಿ, ಮಂಕು ಆವರಿಸಬಹುದು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಎಂಬ ಮನೆಮದ್ದಿನ ಅಳತೆಯನ್ನು ಶಾಲೆಯ ಮಕ್ಕಳೂ ಬಲ್ಲರು; ಚಮಚವೆಂದರೆ ಚಹದ ಚಮಚ. ಬುತ್ತಿಗೆ ಕಟಕರೊಟ್ಟಿ, ಶೇಂಗಾ ಚಟ್ನಿಗಳಿಗಿಂತ ಮೇಲಾದುದನ್ನು ಯಾವ ಪೇಟೆಯೂ ಮಾರುವುದಿಲ್ಲ. ಬಿಸಿಲಿನಲ್ಲಿ ನಡೆಯುವವನು ತೊದಲುತ್ತಿದ್ದರೆ, ತೂರಾಡುತ್ತಿದ್ದರೆ, ಮೈ ಕೆಂಡದಂತೆ ಕಾದಿದ್ದರೆ ಅದು ದಣಿವಲ್ಲ, ಪ್ರಾಣಾಪಾಯ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ, ವಾಹನ ತರಿಸಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಬೆಳಗಿನ ನಾಲ್ಕಕ್ಕೆ ಹೊರಟು ಹತ್ತಕ್ಕೆ ನಿಲ್ಲುವುದು, ಮತ್ತೆ ಇಳಿಹೊತ್ತಿನಲ್ಲಿ ಎರಡು ಮೂರು ಗಂಟೆ ನಡೆಯುವುದು ಹಿಂದಿನವರ ಕ್ರಮ. ಕತ್ತಲಲ್ಲಿ ಹೆದ್ದಾರಿ ತುಳಿಯುವವರು ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯ ಅಂಚಿನಲ್ಲಿ, ಒಬ್ಬರ ಹಿಂದೊಬ್ಬರು, ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಬೆನ್ನಿಗೂ ಎದೆಗೂ ಅಂಟಿಸಿಕೊಂಡು ನಡೆಯಬೇಕು. ರಸ್ತೆಯ ನಡು ಉಬ್ಬಿ ಅಂಚು ತಗ್ಗಾಗಿರುವುದರಿಂದ ದಿನಗಟ್ಟಲೆ ಒಂದೇ ಬದಿಯಲ್ಲಿ ನಡೆದರೆ ಒಂದು ಸೊಂಟ ನೋಯುತ್ತದೆ. ಮಣ್ಣಿನ ಪಕ್ಕದಾರಿ ಸಿಕ್ಕಲ್ಲೆಲ್ಲ ಅದಕ್ಕಿಳಿಯುವುದು ಲೇಸು.

ಶಿಖರ ಕಂಡ ಮೇಲೆ, ದರ್ಶನವಾದ ಮೇಲೆ, ಎಚ್ಚರ ತಪ್ಪುವುದು ಸಹಜ. ಹತ್ತಾರು ದಿನ ನಡೆದ ಕಾಲುಗಳನ್ನು ಮಡಿಸಿ ಒಂದು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮರಳುವಾಗ ಪಾದಗಳು ಊದುತ್ತವೆ. ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು, ಕುಳಿತಲ್ಲಿಯೇ ಹರಡುಗಳನ್ನು ತಿರುಗಿಸುತ್ತಿರಬೇಕು. ಮನೆಗೆ ಬಂದ ಬಳಿಕ ಸವೆದ ಪಾದರಕ್ಷೆಗಳನ್ನು ಬಿಸಾಡುವ ಮುನ್ನ ಅವುಗಳನ್ನು ತಿರುವಿಹಾಕಿ ಅಟ್ಟೆಯನ್ನು ನೋಡಬೇಕು. ಹಿಮ್ಮಡಿಯ ಹೊರ ಅಂಚು ತುಸು ಸವೆದಿದ್ದರೆ ಅದು ಸಹಜ. ಒಳ ಅಂಚು ಸವೆದಿದ್ದರೆ ಅಂಗಾಲಿನ ಕಮಾನು ಕುಸಿದು ಪಾದ ಒಳಮಗ್ಗುಲಿಗೆ ವಾಲುತ್ತಿದೆಯೆಂದೂ, ಎಡಬಲಗಳ ಸವೆತದಲ್ಲಿ ಅಂತರವಿದ್ದರೆ ಒಂದು ಕಾಲು ಹೆಚ್ಚು ಹೊರುತ್ತಿದೆಯೆಂದೂ ತಿಳಿಯಬಹುದು. ಮುಂದಿನ ಯುಗಾದಿಗೆ ಹೊಸ ಜೋಡನ್ನು ಕೊಳ್ಳಲು ಹೋಗುವಾಗ ಆ ಹಳೆಯ ಜೋಡನ್ನು ಕಾಗದದಲ್ಲಿ ಸುತ್ತಿ ಅಂಗಡಿಗೆ ಒಯ್ಯುವುದು ಒಳ್ಳೆಯದು.